ಹಳೆಯ ಪೆಟ್ಟಿಗೆ, ಹೊಸ ಪ್ಲೇಟು

ಹೆಂಗಸರು ಯಾವುದನ್ನೂ ಎಸೆಯುವುದಿಲ್ಲ ಎಂದು ಗಂಡಸರು ನಗುವುದುಂಟು. ನಗಲಿ ಬಿಡಿ. ತೂತು ಬಿದ್ದ ಕೊಡಕ್ಕೆ ಬೆಸುಗೆ, ಹಿತ್ತಾಳೆ ಪಾತ್ರೆಗೆ ಕಲಾಯಿ, ನುಣ್ಣಗಾದ ಬೀಸುಕಲ್ಲಿಗೆ ಉಳಿಪೆಟ್ಟು, ಗಂಟುಗಟ್ಟಿದ ಹಾಸಿಗೆಯ ಹತ್ತಿಯನ್ನು ಹಿಂಜಿಸುವುದು, ಹಳೆ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುವುದು, ಇವನ್ನೆಲ್ಲ ಮಾಡಿಕೊಂಡೇ ನಮ್ಮ ಅಜ್ಜಿಯರು, ಅಮ್ಮಂದಿರು ಸಂಸಾರ ತೂಗಿಸಿದರು. ಆ ಪಟ್ಟಿಗೆ ನಾನು ಇನ್ನೊಂದನ್ನು ಸೇರಿಸಬೇಕೆಂದಿದ್ದೇನೆ. ಅದು ಬ್ಯಾಟರಿಯ ಒಳಗನ್ನು ಬದಲಿಸುವ ಕೆಲಸ. ಕಲಾಯಿಯವನ ಬಗ್ಗೆ, ಕೌದಿಯ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಬ್ಯಾಟರಿ ಬಿಚ್ಚಿ ಕಟ್ಟುವವನ ಬಗ್ಗೆ ಬರೆದವರು ಕಡಿಮೆ. ಅವನ ಕಸುಬಿಗೂ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ಅಡುಗೆಮನೆಗಳೂ ಇವೆ, ನಮ್ಮ ಮಕ್ಕಳೂ ಇದ್ದಾರೆ.

ಮೊದಲು ಒಂದು ಮಾತು. ಬ್ಯಾಟರಿಯೆಂದರೆ ಒಂದೇ ವಸ್ತುವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದೊಂದು ಅವಿಭಕ್ತ ಕುಟುಂಬ. ಕಾರಿನ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ತಲಾ ಎರಡು ವೋಲ್ಟಿನ ಆರು ಮನೆಗಳಿರುತ್ತವೆ. ಸೆಲ್ ಎನ್ನುವುದು ಆ ಒಂದೊಂದು ಮನೆಗೆ. ಆರೂ ಸಾಲಾಗಿ ಕೈ ಹಿಡಿದು ನಿಂತಿರುತ್ತವೆ. ಒಂದು ಸೋತು ಕುಳಿತರೆ ಉಳಿದ ಐದರ ಶಕ್ತಿಯೂ ಹೊರಗೆ ಬರುವುದಿಲ್ಲ. ನಾವು ಇಡೀ ಪೆಟ್ಟಿಗೆಯೇ ಸತ್ತಿತೆಂದು ಗುಜರಿಗೆ ಹಾಕುತ್ತೇವೆ. ಕೆಟ್ಟದ್ದು ಯಾವುದು, ನೆಟ್ಟಗಿರುವುದು ಯಾವುದು ಎಂದು ಬೇರ್ಪಡಿಸಿ ನೋಡುವ ತಾಳ್ಮೆಯಿಂದಲೇ ಈ ಕಸುಬು ಹುಟ್ಟಿತು. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಟರಿಯ ಕಥೆ ಇಟಲಿಯಲ್ಲಿ ಆರಂಭವಾಗುತ್ತದೆ. ಬೊಲೊನ್ಯಾ ನಗರದ ಗಲ್ವಾನಿ ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹ ಮುಟ್ಟಿಸಿದಾಗ ಕಾಲು ಅದುರುವುದನ್ನು ಕಂಡು 1791ರಲ್ಲಿ ಅದನ್ನು ಪ್ರಕಟಿಸಿದ. ಅವನ ಪ್ರಯೋಗಗಳಲ್ಲಿ ಹೆಂಡತಿ ಲೂಸಿಯಾ ಜೊತೆಗಿದ್ದು ದುಡಿದಿದ್ದಳು. ಪುಸ್ತಕ ಅಚ್ಚಾಗುವ ಹೊತ್ತಿಗೆ ಅವಳು ತೀರಿಕೊಂಡಿದ್ದಳು. ಚರಿತ್ರೆಯಲ್ಲಿ ಉಳಿದದ್ದು ಗಂಡನ ಹೆಸರು. ವಿದ್ಯುತ್ತು ಇರುವುದು ಕಪ್ಪೆಯಲ್ಲಲ್ಲ, ಎರಡು ಲೋಹಗಳ ನಡುವೆ ಎಂದು ವಾದಿಸಿದವನು ವೋಲ್ಟಾ. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ, ಹೀಗೆ ದೋಸೆಯ ಮೇಲೆ ದೋಸೆ ಪೇರಿಸಿದಂತೆ ಪೇರಿಸಿ ಅವನು 1800ರಲ್ಲಿ ಮೊದಲ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದ. ಆದರೆ ಸತುವು ತಿಂದು ಮುಗಿದರೆ ಅದರ ಕಥೆ ಮುಗಿಯಿತು. ಮತ್ತೆ ತುಂಬುವಂತಿರಲಿಲ್ಲ.

ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿ ಮಾಡಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದ ಹಾಗೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಅದನ್ನು ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ, ಹೀಗೆ ಬಹಳ ದಿನ ಪಳಗಿಸಬೇಕಾಗಿತ್ತು. 1881ರಲ್ಲಿ ಕಮೀಲ್ ಫೋರ್ ಎಂಬವನು ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಹಾಳೆಗೆ ಬಳಿದ. ಪಳಗಿಸುವ ಕಾಲ ಉಳಿಯಿತು, ಬ್ಯಾಟರಿಯ ಶಕ್ತಿ ಹೆಚ್ಚಿತು. ಇವತ್ತಿಗೂ ನಮ್ಮ ಇನ್ವರ್ಟರಿನ ಬ್ಯಾಟರಿಯೊಳಗೆ ಇರುವುದು ಈ ಬಳಿದ ಪ್ಲೇಟುಗಳ ವಂಶವೇ. ಬಳಿದದ್ದು ಎಂದಾದರೂ ಉದುರಲೇಬೇಕಲ್ಲ? ಉದುರಿದ ಪುಡಿ ತಳದಲ್ಲಿ ಗಸಿಯಾಗಿ ಕೂತು, ಏರುತ್ತ ಏರುತ್ತ ಎರಡು ಪ್ಲೇಟುಗಳನ್ನು ಮುಟ್ಟಿದ ದಿನ ಆ ಸೆಲ್ ಒಳಗೊಳಗೇ ಕುಸಿಯುತ್ತದೆ. ಬ್ಯಾಟರಿ ಸಾಯುವ ಒಂದು ಬಗೆ ಇದು. ಪ್ಲೇಟು ಬದಲಿಸುವ ಕಸುಬಿಗೆ ಕಾರಣವೂ ಇದು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ರಸ್ತೆಗಳಲ್ಲಿ ಬ್ಯಾಟರಿ ಕಾರುಗಳು ಬಹಳ ಓಡಾಡುತ್ತಿದ್ದವು. ಪೆಟ್ರೋಲ್ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಹೊರಡಿಸಬೇಕಿತ್ತು. ಕೈ ಮುರಿದುಕೊಂಡವರಿದ್ದರು. ಹೀಗಾಗಿ ಬ್ಯಾಟರಿ ಕಾರನ್ನು ಹೆಂಗಸರ ಕಾರೆಂದೇ ಮಾರುತ್ತಿದ್ದರು. ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾಡಿ ಮಾರಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ತಾನು ಓಡಿಸಲು ಆರಿಸಿಕೊಂಡದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು! 1912ರಲ್ಲಿ ಪೆಟ್ರೋಲ್ ಕಾರಿಗೇ ವಿದ್ಯುತ್ ಸ್ಟಾರ್ಟರ್ ಬಂತು. ಬ್ಯಾಟರಿ ಕಾರು ಮೂಲೆ ಸೇರಿತು. ಬ್ಯಾಟರಿ ಮಾತ್ರ ಪ್ರತಿಯೊಂದು ಪೆಟ್ರೋಲ್ ಕಾರಿನೊಳಗೂ ಹೊಕ್ಕಿತು. ಅದರ ಹಿಂದೆಯೇ ಊರೂರಿನಲ್ಲಿ ಬ್ಯಾಟರಿ ರಿಪೇರಿ ಅಂಗಡಿಗಳು ಹುಟ್ಟಿದವು. 1922ರಲ್ಲಿ ಷಿಕಾಗೋದಲ್ಲಿ ಅಚ್ಚಾದ ಓ. ಎ. ವಿಟ್ಟೆ ಎಂಬವರ ದಪ್ಪ ಪುಸ್ತಕವೊಂದು ಪೂರಾ ಈ ಕೆಲಸಕ್ಕೇ ಮೀಸಲು. ಮುಚ್ಚಳದ ಅಂಟನ್ನು ಕಾಯಿಸಿ ತೆಗೆಯುವುದು, ಪ್ಲೇಟುಗಳ ಗುಂಪನ್ನು ಎತ್ತುವುದು, ಒಳ್ಳೆಯದು ಕೆಟ್ಟದ್ದು ಗುರುತಿಸುವುದು, ನಡುವಿನ ಮರದ ತೆಳು ಹಲಗೆಗಳನ್ನು ಬದಲಿಸುವುದು, ಸೀಸ ಕರಗಿಸಿ ಬೆಸೆಯುವುದು, ಎಲ್ಲ ಅಡುಗೆ ಪುಸ್ತಕದ ಕ್ರಮದಲ್ಲಿ ಅದರಲ್ಲಿವೆ. ಆ ಕಾಲದಲ್ಲಿ ಬ್ಯಾಟರಿಯೆಂದರೆ ಬಿಚ್ಚಲೆಂದೇ ಕಟ್ಟಿದ ವಸ್ತುವಾಗಿತ್ತು.

ಬಿಚ್ಚುವ ಅಗತ್ಯವೇ ಬೀಳದ ಬ್ಯಾಟರಿ ಮಾಡುತ್ತೇನೆಂದು ಹೊರಟವನು ಥಾಮಸ್ ಎಡಿಸನ್. ಸೀಸವನ್ನೂ ಆಮ್ಲವನ್ನೂ ಬಿಟ್ಟು ನಿಕಲ್ ಮತ್ತು ಕಬ್ಬಿಣವನ್ನು ಕ್ಷಾರದ ನೀರಿನಲ್ಲಿಟ್ಟ. ಮೊದಲ ಮಾದರಿ ಸೋರಿದಾಗ ತಯಾರಿಕೆಯನ್ನೇ ನಿಲ್ಲಿಸಿ ಮತ್ತೆ ವರ್ಷಗಟ್ಟಲೆ ದುಡಿದ. ಕೊನೆಗೆ ಬಂದದ್ದು ಭಾರವಾದ, ದುಬಾರಿಯಾದ, ಆದರೆ ದಶಕಗಟ್ಟಲೆ ಬಾಳುವ ಬ್ಯಾಟರಿ. ಅದು ಸೊರಗಿದರೆ ಹಳೆಯ ಕ್ಷಾರ ಚೆಲ್ಲಿ ಹೊಸದು ತುಂಬಿದರೆ ಸಾಕು, ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಅಗ್ಗದ ಸೀಸದ ಮುಂದೆ ಅದು ನಿಲ್ಲಲಿಲ್ಲ. ಬಾಳುವ ವಸ್ತು ದುಬಾರಿಯಾಗಿದ್ದರೆ ಪೇಟೆ ಅದನ್ನು ಬಾಳಲು ಬಿಡುವುದಿಲ್ಲ. ಇದು ಬ್ಯಾಟರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ.

ನಮ್ಮ ನಾಡಿಗೆ ಬರೋಣ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಹಳ್ಳಿಗಳಿಗೆ ತಲುಪಲು ಇನ್ನೂ ಎಷ್ಟೋ ದಶಕ ಹಿಡಿಯಿತು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿ ಅದನ್ನು 'ಆಕಾಶವಾಣಿ' ಎಂದು ಕರೆದರಲ್ಲ, ಆ ವಾಣಿಯನ್ನು ಕರೆಂಟಿಲ್ಲದ ಊರಿನಲ್ಲಿ ಕೇಳಬೇಕಾದರೆ ಬ್ಯಾಟರಿಯೇ ಗತಿ. ನನ್ನ ತಾಯಿಯ ತವರಿನಲ್ಲಿ ಊರಿಗೆಲ್ಲ ಒಂದೇ ರೇಡಿಯೋ. ಅದರ ಬ್ಯಾಟರಿ ಇಳಿದಾಗ ಯಾರಾದರೂ ಗಾಡಿಯಲ್ಲಿಟ್ಟು ಪೇಟೆಗೆ ಒಯ್ದು ಚಾರ್ಜು ಮಾಡಿಸಿ ತರಬೇಕಿತ್ತು. ಅದು ಬರುವ ತನಕ ಊರು ಮೂಕವಾಗಿರುತ್ತಿತ್ತೆಂದು ಅಮ್ಮ ಹೇಳುತ್ತಿದ್ದರು. ಹೆಂಗಸರು ಜಗಲಿಯ ಹಿಂದೆ ಬಾಗಿಲ ಮರೆಯಲ್ಲಿ ನಿಂತು ಹಾಡು ಕೇಳುತ್ತಿದ್ದರಂತೆ. ಬ್ಯಾಟರಿ ಇಳಿಯುತ್ತ ಬಂದ ಹಾಗೆ ಹಾಡೂ ಕ್ಷೀಣವಾಗುತ್ತ ಹೋಗುತ್ತಿತ್ತಂತೆ.

ನಾನು ಮದುವೆಯಾಗಿ ಬಂದ ಊರು ತಾಲ್ಲೂಕು ಕೇಂದ್ರ. ಕರೆಂಟಿತ್ತು, ಆದರೆ ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು. ಎಂಬತ್ತು, ತೊಂಬತ್ತರ ದಶಕದ ಲೋಡ್ ಶೆಡ್ಡಿಂಗ್ ನೆನಪಿರುವವರಿಗೆ ಹೇಳಬೇಕಾದ್ದಿಲ್ಲ. ಸಂಜೆ ಆರಕ್ಕೆ ಹೋದರೆ ಒಂಬತ್ತಕ್ಕೆ ಬಂದರೆ ಪುಣ್ಯ. ಮಕ್ಕಳ ಓದು, ನನ್ನ ಹೊಲಿಗೆ, ಅತ್ತೆಯವರ ರಾತ್ರಿಯ ಗುಳಿಗೆ, ಎಲ್ಲವೂ ಒಂದು ಹಳೆಯ ಕಾರು ಬ್ಯಾಟರಿಗೆ ಸಿಕ್ಕಿಸಿದ ಪುಟ್ಟ ಟ್ಯೂಬ್‌ಲೈಟಿನ ಕೆಳಗೆ ನಡೆಯಬೇಕಿತ್ತು. ನಾನು ಹೊಲಿದು ಗಳಿಸಿದ ದುಡ್ಡಿನಲ್ಲಿ ಹೊಸ ಬ್ಯಾಟರಿ ಕೊಳ್ಳುವುದು ಕನಸಿನ ಮಾತು. ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಸಾಹೇಬರ ಅಂಗಡಿ ಇತ್ತು. ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಅವರು ಪ್ಲೇಟು ಬದಲಿಸಿ ಕೊಡುತ್ತಿದ್ದರು. ನಮ್ಮ ಆ ಒಂದು ಪೆಟ್ಟಿಗೆ ಮೂರು ಸಲ ಒಳಗನ್ನು ಬದಲಿಸಿಕೊಂಡಿತು. ನನ್ನ ಇಬ್ಬರು ಹೆಣ್ಣುಮಕ್ಕಳೂ ಎಸ್ಸೆಸ್ಸೆಲ್ಸಿ ದಾಟಿದ್ದು ಅದರ ಬೆಳಕಿನಲ್ಲಿ.

ಅವರ ಕೆಲಸ ನೋಡುವಂತಿರುತ್ತಿತ್ತು. ಆಗಿನ ಪೆಟ್ಟಿಗೆ ಗಟ್ಟಿ ರಬ್ಬರಿನದು. ಮೇಲೆ ಡಾಂಬರಿನಂಥ ಕಪ್ಪು ಮೇಣ ಹೊಯ್ದಿರುತ್ತಿತ್ತು. ಮೊದಲು ಗಾಜಿನ ನಳಿಗೆಯಿಂದ ಒಂದೊಂದು ಸೆಲ್ಲಿನ ಆಮ್ಲ ಎಳೆದು ಒಳಗಿನ ತೇಲುಗಡ್ಡಿ ಎಷ್ಟಕ್ಕೆ ನಿಂತಿತೆಂದು ನೋಡುವರು. ಪೂರ್ತಿ ತುಂಬಿದ ಸೆಲ್ಲಾದರೆ 1260, 1280ರ ಹತ್ತಿರ. ಒಂದು ಸೆಲ್ ಮಾತ್ರ ಕೆಳಗಿಳಿದಿದ್ದರೆ ರೋಗ ಅಲ್ಲೇ. ಮೇಣ ಕಾಯಿಸಿ, ಪ್ಲೇಟುಗಳ ಗುಂಪನ್ನು ಇಕ್ಕಳದಿಂದ ಹಲ್ಲು ಕಿತ್ತಂತೆ ಎತ್ತಿ, ತೊಳೆದು, ಹೊಸದು ಕೂರಿಸಿ, ಸೀಸದ ಕಡ್ಡಿ ಕರಗಿಸಿ ಬೆಸೆಯುವರು. ಕೊನೆಗೆ ಆಮ್ಲ ಹದ ಮಾಡುವುದು. "ನೋಡಮ್ಮಾ, ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಹಾಕಿದರೆ ಮುಖಕ್ಕೇ ಹಾರುತ್ತೆ" ಎನ್ನುತ್ತಿದ್ದರು. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆಂದು ಗೊತ್ತಿದ್ದ ನನಗೆ ಅದು ತಟ್ಟನೆ ಅರ್ಥವಾಗುತ್ತಿತ್ತು.

ಅಂಗಡಿಯ ಹಿಂದೆಯೇ ಅವರ ಮನೆ. ನಾನು ಕಾಯುವಾಗ ಅವರ ಹೆಂಡತಿ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಒಂದು ದಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ಪೈಜಾಮ ನೋಡಿದೆ. ಜರಡಿಯ ಹಾಗೆ ತೂತು. "ಆಸಿಡ್ ತಿಂದಿದ್ದು ಅಮ್ಮಾ. ಇವರ ಬಟ್ಟೇನ ಮಕ್ಕಳ ಬಟ್ಟೆ ಜೊತೆ ಒಗೆಯಲ್ಲ ನಾನು" ಎಂದರು. ಆಮೇಲೆ ದನಿ ತಗ್ಗಿಸಿ, "ದೊಡ್ಡವನಿಗೆ ಯಾವಾಗಲೂ ಹೊಟ್ಟೆನೋವು. ಮುಖ ಬಿಳಿಚಿಕೊಂಡಿರುತ್ತೆ. ಮೇಷ್ಟ್ರು ಇವನಿಗೆ ತಲೆಗೆ ಹತ್ತಲ್ಲ ಅಂತಾರೆ. ಚಿಕ್ಕವನಾಗಿದ್ದಾಗ ಅಂಗಳದಲ್ಲೇ ಆಡ್ತಿದ್ದ, ಸೀಸ ಕರಗಿಸೋ ಜಾಗದಲ್ಲಿ" ಎಂದರು. ಆ ತಾಯಿ ಯಾವ ವೈದ್ಯಕೀಯ ಪುಸ್ತಕವನ್ನೂ ಓದಿದವರಲ್ಲ. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರು, ಅಷ್ಟೆ. ನಾನು ಚಹಾ ಲೋಟ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ನನ್ನ ಮಕ್ಕಳ ಓದಿಗೆ ಬೆಳಕು ಕೊಟ್ಟ ಮನೆಯಲ್ಲಿ ಒಬ್ಬ ಹುಡುಗನ ಓದು ಮಸುಕಾಗುತ್ತಿದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸೀಸ ಅಂಥ ಲೋಹ. ಅದರ ಹೊಗೆ, ಧೂಳು ದೇಹಕ್ಕೆ ಹೊಕ್ಕರೆ ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ಹಿಂಡುತ್ತದೆ, ಮಕ್ಕಳ ಮಿದುಳು ಬೆಳೆಯುವ ಕಾಲದಲ್ಲೇ ಕುಂಠಿತವಾಗುತ್ತದೆ. ಮೂಳೆಯಲ್ಲಿ ಅಡಗಿ ಕೂತ ಸೀಸ ಹೆಂಗಸು ಬಸುರಿಯಾದಾಗ ಮತ್ತೆ ರಕ್ತಕ್ಕಿಳಿದು ಹೊಟ್ಟೆಯ ಕೂಸಿಗೂ ಮುಟ್ಟುತ್ತದೆ. ಇಷ್ಟರ ತನಕ ಪರವಾಗಿಲ್ಲ ಎನ್ನುವ ಪ್ರಮಾಣವೇ ಸೀಸಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ನಮ್ಮ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆಗಿನ ಅಪಾಯದ ಗೆರೆ ಮೀರಿ ಸೀಸವಿತ್ತು. ಆ ಕೆಲಸದಲ್ಲಿದ್ದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಆಮೇಲೂ ಈ ವಿಷದ ವಿರುದ್ಧ ಎಡೆಬಿಡದೆ ದುಡಿದರು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ದೇಶದಾದ್ಯಂತ ಅದನ್ನು ತೆಗೆದರು. ಹಿತ್ತಲಿನ ಕುಲುಮೆಗಳು ಮಾತ್ರ ಉಳಿದವು.

ಹಿತ್ತಲಿನ ಕುಲುಮೆ ಎಷ್ಟು ಘೋರವಾಗಬಹುದೆಂಬುದನ್ನು ಆಫ್ರಿಕದ ಸೆನೆಗಲ್ ಕಂಡಿತು. ರಾಜಧಾನಿ ಡಕಾರ್ ಹತ್ತಿರದ ಥಿಯಾರೊಯ್ ಸುರ್ ಮೇರ್ ಎಂಬಲ್ಲಿ ವರ್ಷಗಟ್ಟಲೆ ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು. ಸೀಸದ ಬೆಲೆ ಏರಿದಾಗ ಅಲ್ಲಿನ ಮಣ್ಣನ್ನೇ ಜರಡಿ ಹಿಡಿದು ಚೂರು ಹೆಕ್ಕಲು ಜನ ಇಳಿದರು. ಅವರಲ್ಲಿ ತಾಯಂದಿರೂ ಇದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ಆ ತಾಯಂದಿರು ಮಾಡಿದ್ದು ನಾವೆಲ್ಲ ಮಾಡುವುದನ್ನೇ: ನಾಲ್ಕು ಕಾಸು ಉಳಿಸುವುದು, ನಾಲ್ಕು ಕಾಸು ಗಳಿಸುವುದು.

ನಮ್ಮಲ್ಲಿ 2001ರಲ್ಲಿ ಸೀಸದ ಬ್ಯಾಟರಿಗೆಂದೇ ನಿಯಮಗಳು ಬಂದವು. ಹಳೆಯದನ್ನು ಅಂಗಡಿಯವರು ವಾಪಸು ಪಡೆದು ನೋಂದಾಯಿತ ಕಾರ್ಖಾನೆಗೆ ಕಳಿಸಬೇಕೆಂಬುದು ಅವುಗಳ ತಿರುಳು. ಅಷ್ಟರಲ್ಲಿ ಪೆಟ್ಟಿಗೆಗಳೂ ಬದಲಾಗಿದ್ದವು. ರಬ್ಬರು, ಮೇಣ ಹೋಗಿ ಕಾಯಿಸಿ ಮುಚ್ಚಿದ ಪ್ಲಾಸ್ಟಿಕ್ ಬಂತು. ಒಡೆಯದೆ ಬಿಚ್ಚುವಂತಿಲ್ಲ. ಸಾಹೇಬರಿಗೆ ಹೆಂಡತಿಯ ಮಾತು ಮೊದಲೇ ತಾಗಿತ್ತು. ಅವರು ಕುಲುಮೆ ಆರಿಸಿ, ಚಾರ್ಜು ಮಾಡುವುದು, ಡಿಸ್ಟಿಲ್ಡ್ ವಾಟರ್ ತುಂಬುವುದು, ಹಳೆಯದನ್ನು ತೂಕಕ್ಕೆ ತಗೊಂಡು ಕಾರ್ಖಾನೆಗೆ ಕಳಿಸುವುದು, ಇಷ್ಟಕ್ಕೇ ನಿಂತರು. ಗಳಿಕೆ ಕಡಿಮೆಯಾಯಿತು. ಅಂಗಳದಲ್ಲಿ ಹೊಸ ಮಣ್ಣು ಹಾಕಿಸಿ ದಾಸವಾಳ ನೆಟ್ಟರು ಅವರ ಹೆಂಡತಿ.

ಈ ನಡುವೆ ಬ್ಯಾಟರಿಯ ವಂಶದಲ್ಲಿ ಹೊಸಬರು ಹುಟ್ಟಿದ್ದರು. ಸ್ವೀಡನ್ನಿನ ಯುಂಗ್ನರ್ 1899ರಲ್ಲೇ ಮಾಡಿದ್ದ ನಿಕಲ್ ಕ್ಯಾಡ್ಮಿಯಂ ಸೆಲ್ ಮುಂದೆ ಪುಟ್ಟದಾಗಿ, ಮುಚ್ಚಿದ ಡಬ್ಬಿಯಾಗಿ, ತಂತಿಯಿಲ್ಲದ ಡ್ರಿಲ್ಲು, ಎಮರ್ಜೆನ್ಸಿ ಲ್ಯಾಂಪುಗಳ ಒಳಗೆ ಸೇರಿತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಅದಕ್ಕೆ ದಾರಿ ಮಾಡಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಗುಡ್‌ಇನಫ್ ಅಜ್ಜನಿಗೆ ಆಗ 97 ವರ್ಷ! ಇಂದು ಮೊಬೈಲು, ಲ್ಯಾಪ್‌ಟಾಪು, ಮಗಳ ಸ್ಕೂಟರು ಎಲ್ಲದರಲ್ಲೂ ಇರುವುದು ಈ ಲಿಥಿಯಂ. ಲ್ಯಾಪ್‌ಟಾಪಿನ ಪ್ಯಾಕ್ ಬಿಚ್ಚಿದರೆ ಎಷ್ಟೋ ಸಲ ಒಳಗೆ ಸಿಗುವುದು ಟಾರ್ಚ್ ಸೆಲ್ಲಿನಂಥ ಕೊಳವೆಗಳು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹೆಸರೇ 18650. ಹೆಸರು ಬೇರೆ, ಲೋಹ ಬೇರೆ, ಕುಟುಂಬದ ನ್ಯಾಯ ಮಾತ್ರ ಅದೇ: ಒಂದು ಸೋತರೆ ಎಲ್ಲವೂ ಸೋತಂತೆ.

ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಈಗ ಕೂರುವವನು ಸಾಹೇಬರ ಕಿರಿಯ ಮಗ. ದೊಡ್ಡವನು ಅವನ ಪಕ್ಕದಲ್ಲೇ ಇರುತ್ತಾನೆ. ಲೆಕ್ಕ ಮಾತ್ರ ತಮ್ಮನದೇ. ಈ ಬರಹ ಟೈಪಾದ ಲ್ಯಾಪ್‌ಟಾಪಿನ ಪ್ಯಾಕನ್ನು ಕಟ್ಟಿಕೊಟ್ಟವನು ಆ ಕಿರಿಯ. ಒಳಗಿದ್ದ ಆರು ಸೆಲ್ಲುಗಳಲ್ಲಿ ಎರಡು ಸತ್ತಿದ್ದವು. "ಎರಡೇ ಬದಲಿಸಪ್ಪ, ಖರ್ಚು ಉಳಿಯುತ್ತೆ" ಎಂದೆ. "ಇಲ್ಲಮ್ಮಾ, ಹಳೇದು ಹೊಸದು ಕೂಡಿಸಬಾರದು. ಹಳೇದು ಬೇಗ ದಣಿಯುತ್ತೆ, ಹೊಸದು ಅದನ್ನ ಎಳೆದಾಡುತ್ತೆ. ಆರನ್ನೂ ಜೋಡಿ ನೋಡಿ ಹಾಕ್ತೀನಿ" ಎಂದ. ರಾತ್ರಿಯಿಡೀ ಒಂದೊಂದನ್ನೂ ತುಂಬಿಸಿ ಖಾಲಿ ಮಾಡಿ ಅಳೆದು, ಸಮಸಮ ಇದ್ದವನ್ನು ಆರಿಸಿದ. ನಿಕಲ್ ಪಟ್ಟಿಯನ್ನು ಬೆಸುಗೆ ಕಡ್ಡಿಯಿಂದ ಅಂಟಿಸಲಿಲ್ಲ, ಆ ಕಾವು ಸೆಲ್ಲಿಗೆ ಕೇಡು. ಕ್ಷಣಮಾತ್ರದಲ್ಲಿ ಚಟ್ಟೆಂದು ಕಚ್ಚಿಸುವ ಸ್ಪಾಟ್ ವೆಲ್ಡಿಂಗ್ ಮಾಡಿದ. ಒಂದೊಂದು ಸೆಲ್ 4.2 ವೋಲ್ಟಿಗಿಂತ ಮೇಲೆ ಹೋಗದಂತೆ ಕಾಯುವ ಪುಟ್ಟ ಸರ್ಕೀಟು ಸರಿಯಿದೆಯೇ ಎಂದು ನೋಡಿದ. ಹೊಸ ಪ್ಯಾಕಿಗೆ ಕೇಳಿದ್ದ ಬೆಲೆಯ ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಯಿತು.

ಅದೇ ಹುಡುಗ, ನೆರೆಮನೆಯಾಕೆ ತಂದಿದ್ದ ಹಪ್ಪಳದ ಹಾಗೆ ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಕೈಯಲ್ಲೂ ಹಿಡಿಯಲಿಲ್ಲ. "ಇದಕ್ಕೆ ರಿಪೇರಿ ಇಲ್ಲಕ್ಕಾ. ಚುಚ್ಚಿದರೆ ಬೆಂಕಿ" ಎಂದು ಮರಳು ತುಂಬಿದ ತಗಡಿನ ಡಬ್ಬಿ ತೋರಿಸಿದ. ಸೀಸ ನಿಧಾನವಾಗಿ ಕೊಲ್ಲುವ ಲೋಹ, ಲಿಥಿಯಂ ಒಂದೇ ನಿಮಿಷದಲ್ಲಿ ಭುಗಿಲೇಳುವ ಜಾತಿ. ಒಂದು ಸೆಲ್ ಕಾವೇರಿ ಹೊತ್ತಿಕೊಂಡರೆ ಪಕ್ಕದ್ದಕ್ಕೂ ಹಬ್ಬುತ್ತದೆ. ಹಾಗಾಗಿ ಇದನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಪ್ರಯೋಗ ಮಾಡುವಂತಿಲ್ಲ. ಅದರಲ್ಲೂ ಸ್ಕೂಟರಿನ ದೊಡ್ಡ ಪ್ಯಾಕನ್ನು ಕಂಪನಿಯ ಬಳಿ, ಇಲ್ಲವೇ ಸರಿಯಾಗಿ ಕಲಿತವರ ಬಳಿ ಮಾತ್ರ ಬಿಚ್ಚಿಸಬೇಕು. ಕೆಲವು ಲ್ಯಾಪ್‌ಟಾಪ್ ಪ್ಯಾಕುಗಳಲ್ಲಿ ಇನ್ನೊಂದು ತೊಡಕಿದೆ. ಸೆಲ್ ತೆಗೆದ ಕೂಡಲೇ ಒಳಗಿನ ಚಿಪ್ಪು ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಹೊಸ ಸೆಲ್ ಹಾಕಿದರೂ ಎದ್ದೇಳುವುದಿಲ್ಲ.

ಬಿಚ್ಚಲೆಂದೇ ಕಟ್ಟಿದ 1922ರ ಪೆಟ್ಟಿಗೆಯಿಂದ, ಬಿಚ್ಚಿದರೆ ಮುನಿಸಿಕೊಳ್ಳುವ ಇಂದಿನ ಪ್ಯಾಕಿನ ತನಕ ನಾವು ಬಂದಿದ್ದೇವೆ. ಈಗ ಸ್ವಲ್ಪ ಹಿಂದಿರುಗುವ ಗಾಳಿಯೂ ಬೀಸಿದೆ. ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು, ಕೆಲವು ಅಪವಾದಗಳನ್ನು ಬಿಟ್ಟು, ಕೈಯಲ್ಲಿ ಹಿಡಿಯುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕೆನ್ನುತ್ತದೆ. ಅದಕ್ಕೆ ಗೊತ್ತುಮಾಡಿದ ದಿನ 2027ರ ಫೆಬ್ರವರಿ 18. ನಮ್ಮಲ್ಲಿ 2001ರ ನಿಯಮಗಳ ಬದಲಿಗೆ 2022ರಲ್ಲಿ ಹೊಸವು ಬಂದಿವೆ. ಅವು ಎಲ್ಲ ಬಗೆಯ ಬ್ಯಾಟರಿಗೂ ಅನ್ವಯಿಸುತ್ತವೆ. ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ, ಇಲ್ಲವೇ ನವೀಕರಣಕ್ಕೆ ಒಪ್ಪಿಸುವ ಹೊಣೆ ತಯಾರಕರದ್ದು. ಮನೆಕಸದೊಂದಿಗೆ ಬೆರೆಸದೆ ಬೇರೆ ಇಡುವ ಹೊಣೆ ನಮ್ಮದು.

ಉಳಿತಾಯ ಎಂಬ ಮಾತನ್ನು ನಾನು ಈಗಲೂ ಬಹಳ ಗೌರವದಿಂದ ಬಳಸುತ್ತೇನೆ. ಆದರೆ ಅದಕ್ಕೆ ಎರಡು ಪ್ರಶ್ನೆಗಳನ್ನು ಗಂಟು ಹಾಕಿಕೊಂಡಿದ್ದೇನೆ. ಹಳೆಯದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಅದರ ಹೊಗೆ ಯಾರ ಮನೆಯ ಮಗುವಿನ ಮೂಗಿಗೆ ಹೋಗುತ್ತದೆ? ಅಂಗಡಿಯವನು ಈ ಎರಡಕ್ಕೂ ಮುಖ ಕೊಟ್ಟು ಉತ್ತರ ಹೇಳಿದರೆ ಅಂಥವನ ಕೈಗೆ ನಿಮ್ಮ ಬ್ಯಾಟರಿ ಕೊಡಿ. ಅವನು ಕೇಳಿದ ಕೂಲಿಯಲ್ಲಿ ಹತ್ತು ರೂಪಾಯಿಗೂ ಚೌಕಾಸಿ ಮಾಡಬೇಡಿ. ಆ ಕೂಲಿಯಲ್ಲಿ ಅವನ ಕೈಗವಸು, ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ, ಅಂಗಳದ ದಾಸವಾಳ ಎಲ್ಲ ಸೇರಿವೆ.